ಎಸಿ ಹಾಕಿದರೆ ಲೈಟ್ ಮಂಕು: ಕಳ್ಳ ಸಿಕ್ಕಿದ್ದು ಬಾಡಿ ಅರ್ತ್‌ನಲ್ಲಿ

ಎಸಿ ಆನ್ ಮಾಡಿದರೆ ಹೆಡ್‌ಲೈಟ್ ಮಂಕು. ಸಿಗ್ನಲ್‌ನಲ್ಲಿ ನಿಂತರೆ ತಂಪು ಮಾಯ. ಒಮ್ಮೊಮ್ಮೆ ಎಂಜಿನ್ನೇ ಆಫ್. ಈ ಮೂರೂ ಕಂಪ್ಲೇಂಟ್ ಒಂದೇ ಗಾಡಿಯಲ್ಲಿ ಬಂದರೆ ನಮ್ಮ ಲೈನಿನವರು ಮೂರು ಬಿಲ್ ಮಾಡುತ್ತಾರೆ. ನಾನು ಒಂದು ಅರ್ತ್ ಕೇಬಲ್‌ನಲ್ಲಿ (ಕರೆಂಟ್ ಗಾಡಿಯ ಲೋಹದ ಬಾಡಿಯಿಂದ ಬ್ಯಾಟರಿಗೆ ವಾಪಸ್ ಬರುವ ದಾರಿ) ಮುಗಿಸಿದೆ. ರಾಯಚೂರಿನಲ್ಲಿ ನನ್ನ ಅಕ್ಕಪಕ್ಕದ ಶೆಡ್ಡಿನವರು ಆಗ ನಕ್ಕಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹತ್ತು ಹನ್ನೆರಡು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಾಡಿಗೆಗೆ ಓಡುವಂಥದ್ದು. ನನ್ನ ಹತ್ತಿರ ಬರುವ ಹೊತ್ತಿಗೆ ಅದರ ಮೇಲೆ ಹದಿನೈದು ಸಾವಿರದಷ್ಟು ಸುರಿದಾಗಿತ್ತು. ಹೊಸ ಬ್ಯಾಟರಿಗೆ ನಾಲ್ಕೂವರೆ ಸಾವಿರ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ಬಿಚ್ಚಿ ಬೇರಿಂಗ್, ಬ್ರಶ್, ರೆಗ್ಯುಲೇಟರ್ ಹಾಕಿಸಿದ್ದಕ್ಕೆ ಮೂರು ಸಾವಿರ. ಎಸಿ ಗ್ಯಾಸ್ ಅಂತೂ ಎಷ್ಟು ಸಲ ತುಂಬಿಸಿದರೋ, ಅವರಿಗೇ ನೆನಪಿರಲಿಲ್ಲ. ಕೊನೆಗೆ ಯಾರೋ ಕಂಪ್ರೆಸರ್ ಹೋಗಿದೆ, ಸೆಕೆಂಡ್ ಹ್ಯಾಂಡ್ ಹಾಕಿದರೂ ಒಂಬತ್ತು ಸಾವಿರ ಅಂದಿದ್ದಾರೆ. ಅಲ್ಲಿಗೆ ಮಾಲೀಕರು ಹೌಹಾರಿದರು.

ಬ್ಯಾಟರಿ ಮೇಲೆ ಮೀಟರ್ ಇಟ್ಟೆ. ಎಸಿ ಆಫ್ ಇದ್ದಾಗ 14.2 ವೋಲ್ಟ್, ಎಸಿ ಹಾಕಿದರೂ 13.8ರ ಆಸುಪಾಸು. ಚಾರ್ಜಿಂಗ್ ಚೆನ್ನಾಗಿದೆ, ಆದರೂ ಬ್ಲೋವರ್ (ಒಳಗೆ ತಂಪು ಊದುವ ಫ್ಯಾನ್) ಗಾಳಿ ಸೊರಗುತ್ತಿದೆ. ಇಷ್ಟು ನೋಡಿದ ಮೇಲೆ ಆಲ್ಟರ್ನೇಟರ್ ಮುಟ್ಟುವ ಕೆಲಸವೇ ಇರಲಿಲ್ಲ.

ಅರ್ತ್ ನೋಡಿದಿರಾ ಅಂತ ಕೇಳಿದ್ದಕ್ಕೆ, ಹಿಂದೆ ಕೆಲಸ ಮಾಡಿದವರು ಕೊಟ್ಟ ಉತ್ತರ: "ಸೆಲ್ಫ್ ಒಂದೇ ಏಟಿಗೆ ಹೊಡೀತದೆ, ಅರ್ತ್ ಹೆಂಗ್ ಹೋಗ್ತದೆ?" ಸೆಲ್ಫ್ ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್. ಎಲ್ಲರೂ ಎಡವುವುದು ಇಲ್ಲೇ. ಇಂಥ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್‌ನಿಂದ ದಪ್ಪ ಕೇಬಲ್ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಬಾಡಿಯ ಲೋಹಕ್ಕೆ ಹೋಗುವುದು ಅದರ ಪಕ್ಕದ ಸಣ್ಣ ವೈರ್. ಸೆಲ್ಫ್ ದಪ್ಪ ಕೇಬಲ್‌ನಲ್ಲಿ ಓಡುತ್ತದೆ. ಕಂಪ್ರೆಸರನ್ನು ಎಂಜಿನ್‌ಗೆ ಜೋಡಿಸುವ ಕ್ಲಚ್‌ನ ಕಾಯಿಲ್‌ಗೂ ಅರ್ತ್ ಎಂಜಿನ್ ಕಡೆಯಿಂದಲೇ, ಅದಕ್ಕೇ ಕ್ಲಚ್ ಗಟ್ಟಿಯಾಗಿ ಹಿಡಿಯುತ್ತಿತ್ತು. ಆದರೆ ಬ್ಲೋವರ್, ಕಂಡೆನ್ಸರ್ ಫ್ಯಾನ್ (ಮುಂದೆ ಎಸಿ ಗ್ಯಾಸ್ ತಣಿಸುವುದು), ಹೆಡ್‌ಲೈಟ್ ಎಲ್ಲದರ ಕರೆಂಟ್ ವಾಪಸ್ ಬರುವುದು ಆ ಬಡಪಾಯಿ ಸಣ್ಣ ವೈರ್ ಮೇಲೆ. ಎಲ್ಲ ಸೇರಿದರೆ 35, 40 ಆಂಪಿಯರ್ ಆಗುತ್ತದೆ.

ಮೀಟರ್ ಓಮ್ಸ್‌ನಲ್ಲಿ ಇಟ್ಟು ಬೀಪ್ ಕೇಳಿದರೆ ಇದು ಸಿಗುವುದಿಲ್ಲ. ಲೋಡ್ ಮೇಲೇ ಹಿಡಿಯಬೇಕು. ಗಾಡಿ ಬಿಸಿ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟೆ. ಎಸಿ ಫುಲ್, ಬ್ಲೋವರ್ ಫುಲ್, ಹೆಡ್‌ಲೈಟ್ ಆನ್. ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು, ಒಂದು ಮೊನೆ ಬ್ಯಾಟರಿ ನೆಗೆಟಿವ್‌ನ ಸೀಸದ ಗೂಟದ ಮೇಲೆ (ಕ್ಲಾಂಪ್ ಮೇಲೆ ಅಲ್ಲ), ಇನ್ನೊಂದು ಬಾಡಿಯ ಬರಿ ಲೋಹದ ಮೇಲೆ. 0.1 ವೋಲ್ಟ್ ಬಂದರೆ ಸರಿ, 0.2ರವರೆಗೂ ಸಹಿಸಬಹುದು. ಬಂದದ್ದು 1.3! ಸುಮ್ನೆ ಲೆಕ್ಕ ಹಾಕಿ. 1.3 ವೋಲ್ಟ್, 35 ಆಂಪಿಯರ್ ಅಂದರೆ 45 ವ್ಯಾಟ್. ಅಂದರೆ ಒಂದು ಲಗ್ (ವೈರಿನ ತುದಿಯ ಲೋಹದ ಬಳೆ) ಒಳಗೆ ಸೋಲ್ಡರಿಂಗ್ ಐರನ್ ಉರಿದಂತೆ. ಬ್ಯಾಟರಿ ಟ್ರೇ ಎತ್ತಿದರೆ ಆ್ಯಸಿಡ್ ಸೋರಿ ಲಗ್ ಹಸಿರು ಕಟ್ಟಿತ್ತು, ವೈರಿನ ತೊಗಲು ಕಪ್ಪಾಗಿತ್ತು.

ತಂಪಿಗೂ ಇದಕ್ಕೂ ಏನು ಸಂಬಂಧ ಅಂದರೆ, ಫ್ಯಾನಿಗೆ ವೋಲ್ಟೇಜ್ ಕಮ್ಮಿ, ಸ್ಪೀಡೂ ಕಮ್ಮಿ. ಮೇ ಬಿಸಿಲಲ್ಲಿ ನಿಂತಲ್ಲೇ ಹೈ ಸೈಡ್ ಪ್ರೆಶರ್ (ಕಂಪ್ರೆಸರ್‌ನಿಂದ ಹೊರಬರುವ ಗ್ಯಾಸಿನ ಒತ್ತಡ) 350 ಪಿಎಸ್‌ಐ ದಾಟಿ 400ರ ಹತ್ತಿರ ಹೋಗಿ ಕಂಪ್ರೆಸರ್ ಕಟ್ ಆಗುತ್ತಿತ್ತು. ಅಷ್ಟು ಪ್ರೆಶರ್ ಎಳೆಯಲಾಗದೆ ಐಡ್ಲಿಂಗ್ ಬಿದ್ದು ಎಂಜಿನ್ ನಿಲ್ಲುತ್ತಿತ್ತು. ಹೈವೇಯಲ್ಲಿ ಎದುರುಗಾಳಿ ಇರುವುದರಿಂದ ಎಲ್ಲ ಸರಿ ಅನ್ನಿಸುತ್ತಿತ್ತು. ಪಾಪ, ಗ್ಯಾಸಿನವರು ಗ್ಯಾಸ್ ಮೇಲೇ ಕಣ್ಣಿಟ್ಟಿದ್ದರು.

ಬಿಚ್ಚುವ ಮೊದಲು ಜಂಪರ್ ಕೇಬಲ್ ತೆಗೆದು ಬ್ಯಾಟರಿ ನೆಗೆಟಿವ್‌ನಿಂದ ಬಾಡಿಯ ಲೋಹಕ್ಕೆ ಕೊಟ್ಟೆ. ಫ್ಯಾನಿನ ಸದ್ದೇ ಬದಲಾಯಿತು. ನಕ್ಕವರೂ ಬಂದು ಬಗ್ಗಿ ನೋಡಿದರು. 16 ಸ್ಕ್ವೇರ್ ಎಂಎಂ ಕೇಬಲ್, ತಾಮ್ರದ ಲಗ್, ಒಳ್ಳೆ ಕ್ರಿಂಪಿಂಗ್, ಬಾಡಿಯ ಪೇಂಟ್ ಕೆರೆದು ಬೋಲ್ಟ್, ಮೇಲೆ ಗ್ರೀಸ್. ಸಾಮಾನು 350 ರೂಪಾಯಿ. ನಾನು ತೆಗೆದುಕೊಂಡದ್ದು 1,000. ಹದಿನೈದು ಸಾವಿರ ಕಳೆದುಕೊಂಡವರು ನನ್ನ ಸಾವಿರಕ್ಕೆ ಚೌಕಾಸಿ ಮಾಡಿದರು, ಇರಲಿ. ವೋಲ್ಟೇಜ್ ಡ್ರಾಪ್ ಈಗ 0.06, ಪ್ರೆಶರ್ 250ರ ಸುತ್ತ.

ಆಮೇಲೆ ಹುಚ್ಚು ಹಿಡಿದು, ಬಂದ ಗಾಡಿಗಳ ಮೇಲೆಲ್ಲ ಪ್ರಯೋಗ ಮಾಡಿದೆ. ಫ್ಯಾನ್ ಕಪ್ಲರ್ (ವೈರ್ ಕೂಡುವ ಪ್ಲಗ್) ಬಿಚ್ಚಿ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಕೊಟ್ಟು ನೋಡಿ. ಒಂದೇ ಎಳೆ ಉಳಿದ ವೈರ್ ಕೂಡ ಮೀಟರ್‌ಗೆ 12 ವೋಲ್ಟ್ ತೋರಿಸುತ್ತದೆ, ಬಲ್ಬಿನ ಮುಂದೆ ಅದರ ಆಟ ನಡೆಯುವುದಿಲ್ಲ. ದಪ್ಪ ಅರ್ತ್ ಕೊಟ್ಟರೆ ಮೈಲೇಜ್ ಜಾಸ್ತಿ ಅಂತ ಮಾರುತ್ತಾರಲ್ಲ, ಆ ಕಿಟ್ಟನ್ನು ನನ್ನದೇ ಗಾಡಿಗೆ ಹಾಕಿದೆ. ಏನೂ ಆಗಲಿಲ್ಲ. ಇನ್ನೊಂದು ಗಾಡಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಕಂಪ್ರೆಸರ್ ಕ್ಲಚ್ ಬಿಡುತ್ತಿತ್ತು. ಕಾಯಿಲ್ ಬಿಸಿಯಾದರೆ ಓಮ್ಸ್ ಏರುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ, ಅದರ ಮೇಲೆ ಕ್ಲಚ್ ತಟ್ಟೆಗಳ ನಡುವಿನ ಗ್ಯಾಪ್ ಸವೆದು ಒಂದು ಎಂಎಂ ಆಗಿತ್ತು. ಒಂದು ಶಿಮ್ (ತೆಳು ವಾಷರ್) ತೆಗೆದು ಅರ್ಧ ಎಂಎಂಗೆ ತಂದೆ, ಖರ್ಚು ಸೊನ್ನೆ. ಬಂದು ಹೋಗುವ ದೋಷವನ್ನು ಶೆಡ್ಡಿನಲ್ಲೇ ಬೇಕೆಂದಾಗ ಎಬ್ಬಿಸುವ ಒಂದು ಉಪಾಯ ಇದೆ. ಅದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಹೊಸ ಗಾಡಿಗಳಲ್ಲಿ ಸ್ವಲ್ಪ ಹುಷಾರು. ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ಹೆಚ್ಚುವರಿ ಅರ್ತ್ ಅನ್ನು ನೇರ ಗೂಟಕ್ಕೆ ಕೊಡಬೇಡಿ. ಸೆನ್ಸರ್‌ನ ಆಚೆ, ಬಾಡಿಯಿಂದ ಎಂಜಿನ್‌ಗೆ ಕೊಡಿ. ಇಲ್ಲದಿದ್ದರೆ ಇಸಿಯುಗೆ (ಗಾಡಿಯ ಕಂಪ್ಯೂಟರ್) ಕರೆಂಟಿನ ಲೆಕ್ಕ ತಪ್ಪುತ್ತದೆ. ಅಂಥವುಗಳಲ್ಲಿ ಚಾರ್ಜಿಂಗ್ ವೋಲ್ಟೇಜ್ ತಾನೇ ಏರಿಳಿಯುತ್ತದೆ, 12.8 ಕಂಡ ತಕ್ಷಣ ಆಲ್ಟರ್ನೇಟರ್ ಬಿಚ್ಚಬೇಡಿ.