ಇಪ್ಪತ್ತು ವರ್ಷದ ಫೈಲುಗಳಲ್ಲಿ ಒಂದು ‘ಕೆರೆ’ ಹುಡುಕಿದ್ದು: ನನ್ನ ಅನುಭವ

ಶಿವಮೊಗ್ಗದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕೂರಿಸುವ ಕೆಲಸ ಶುರು ಮಾಡಿ ನನಗೆ 22 ವರ್ಷ. ಲಗ್ನಪತ್ರಿಕೆಯಿಂದ ಹಿಡಿದು ಸ್ಮರಣ ಸಂಚಿಕೆ, ಕವನ ಸಂಕಲನ, ಸೊಸೈಟಿಯ ವಾರ್ಷಿಕ ವರದಿಯವರೆಗೆ ಕೈಗೆ ಬಂದದ್ದನ್ನೆಲ್ಲ ಕೂರಿಸಿ ಕೊಟ್ಟಿದ್ದೇನೆ. ಯಾವ ಫೈಲನ್ನೂ ಅಳಿಸಿಲ್ಲ. ಹಳೆಯವು ಸೀಡಿಗಳಲ್ಲಿವೆ, ಆಮೇಲಿನವು ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ, ಈಚಿನವು ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್‌ಗಳಲ್ಲಿ.

ಕಳೆದ ವರ್ಷ ಒಂದು ಫೋನು ಬಂತು. “ಸರ್, ಅಪ್ಪಾಜಿ ತೀರಿಕೊಂಡು ಮೂರು ವರ್ಷ ಆಯ್ತು. ಅವರ ಲೇಖನಗಳನ್ನ ಒಟ್ಟು ಮಾಡ್ತಾ ಇದ್ದೀವಿ. ಊರಿನ ಕೆರೆ ಹೂಳು ತೆಗೆಸಿದ ಬಗ್ಗೆ ನಿಮ್ಮ ಹತ್ರ ಏನೋ ಟೈಪ್ ಮಾಡಿಸಿದ್ರಂತೆ. ಮನೇಲಿ ಕೈಬರಹವೂ ಇಲ್ಲ.” 2006ರ ಆಸುಪಾಸು ಎಂದಷ್ಟೇ ಅವರಿಗೆ ಗೊತ್ತಿತ್ತು. “ಇರುತ್ತೆ ಅಮ್ಮಾ, ಸಂಜೆ ಕಳಿಸ್ತೀನಿ” ಅಂದೆ. ಆ ಸಂಜೆ ಬರಲು 11 ದಿನ ಹಿಡಿಯಿತು.

ಮೊದಲು ಹೆಸರಿನಿಂದ ಹುಡುಕಿದೆ. ಇದಕ್ಕೆ ನಾನು ಬಳಸುವುದು ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶ. ಅದು ಒಂದೊಂದೇ ಫೋಲ್ಡರ್ ಹೊಕ್ಕು ನೋಡುವುದಿಲ್ಲ. ವಿಂಡೋಸ್‌ ಫೈಲುಗಳನ್ನು ಇಡುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯ ಡಿಸ್ಕಿನಲ್ಲಿ ಎಲ್ಲ ಫೈಲುಗಳ ಹೆಸರಿರುವ ಮುಖ್ಯ ಪಟ್ಟಿಯನ್ನೇ ನೇರವಾಗಿ ಓದುತ್ತದೆ. 10 ಲಕ್ಷ ಫೈಲುಗಳಿಗೆ ಸುಮಾರು ಒಂದು ನಿಮಿಷ ಸಾಕು ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ನನ್ನ ಹಳೆಯ ಯಂತ್ರದಲ್ಲೂ ಅಷ್ಟೇ ಆಯಿತು. ಸೀಡಿಗಳಿಗೂ ಅದರಲ್ಲಿ ದಾರಿಯಿದೆ. ಒಂದೊಂದು ಸೀಡಿಯನ್ನೂ ಒಮ್ಮೆ ಹಾಕಿ ‘ಫೈಲ್ ಲಿಸ್ಟ್’ ಮಾಡಿಟ್ಟರೆ, ಸೀಡಿ ಕಪಾಟಿನಲ್ಲಿದ್ದರೂ ಅದರೊಳಗಿನ ಹೆಸರುಗಳು ಹುಡುಕಾಟದಲ್ಲಿ ಬರುತ್ತವೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಎಲ್ಲರಿಗೂ ಅದನ್ನು ಹಾಕಿಕೊಳ್ಳಿ ಎನ್ನುತ್ತೇನೆ.

ಆದರೆ ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ದಿನಕ್ಕೊಂದು ಕಾಗುಣಿತ. ‘ಕೆರೆ’ಗೆ ಕೆ-ಇ-ಆರ್-ಇ ಎಂದೂ ಬರೆದಿದ್ದೇನೆ, ಕೊನೆಗೆ ಎರಡು ಇ ಹಾಕಿಯೂ ಬರೆದಿದ್ದೇನೆ. ಎಲ್ಲ ರೂಪಗಳನ್ನೂ ನಡುವೆ ಒಂದು ನಿಲುಗೆರೆ ಹಾಕಿ ಟೈಪಿಸಿದರೆ ಎವೆರಿಥಿಂಗ್ ‘ಇದು ಅಥವಾ ಅದು’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಹಾಗೆ ಸಿಕ್ಕಿದ 9 ಫೈಲುಗಳಲ್ಲಿ ಬೇಕಾದದ್ದು ಇರಲಿಲ್ಲ.

ಸರಿ, ಫೈಲಿನ ಒಳಗೆ ಹುಡುಕೋಣ ಎಂದು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿರುವ ಈಗಿನ ಪದ್ಧತಿಯಲ್ಲಿ, ‘ಕೆರೆ’ ಎಂದು ಟೈಪಿಸಿದೆ. 2012ಕ್ಕಿಂತ ಹಿಂದಿನ ಒಂದು ಫೈಲೂ ಬರಲಿಲ್ಲ. ಮಲೆನಾಡಿನ ಬರಹಗಾರರ ಸಾವಿರಾರು ಪುಟ ನನ್ನ ಬಳಿ ಇವೆ, ಅವುಗಳಲ್ಲಿ ಒಂದೂ ಕೆರೆ ಇಲ್ಲವೆಂದರೆ ಏನರ್ಥ?

ಉತ್ತರ ನಮ್ಮ ಹಳೆಯ ಫಾಂಟುಗಳಲ್ಲಿತ್ತು. ಆಗೆಲ್ಲ ನಾವು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲೋ, ‘ಬರಹ’ ಎಂಬ ಇನ್ನೊಂದು ತಂತ್ರಾಂಶದಲ್ಲೋ ಟೈಪ್ ಮಾಡುತ್ತಿದ್ದೆವು. ಅವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕ ಮಾಡುವುದೇ ನನ್ನಂಥವರಿಗೆ ಆಗುತ್ತಿರಲಿಲ್ಲ. ಆ ಕಾಲದ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದು ಕನ್ನಡ ಅಕ್ಷರವಲ್ಲ, ಲ್ಯಾಟಿನ್ ಅಕ್ಷರ. ಅದಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟು. ನುಡಿಯಲ್ಲಿ ‘ಕೆರೆ’ ಅಂದರೆ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ದೊಡ್ಡ ಇ, ಚಿಕ್ಕ ಜಿ, ಮತ್ತೆ ಅದೇ ಇ. ಕಣ್ಣಿಗೆ ಕೆರೆ, ಯಂತ್ರಕ್ಕೆ ಈ ನಾಲ್ಕು ಚಿಹ್ನೆ. ಯೂನಿಕೋಡ್ ‘ಕೆರೆ’ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಯಂತ್ರದ ಭಾಷೆಯಲ್ಲೇ ಕೇಳೋಣ ಎಂದು ನುಡಿ ಕೀಲಿಮಣೆಯನ್ನು ‘ಆಸ್ಕಿ’ ಎಂದು ಕರೆಯುವ ಈ ಹಳೆಯ ವಿಧಾನಕ್ಕೆ ತಿರುಗಿಸಿ, ಹುಡುಕುವ ಪೆಟ್ಟಿಗೆಯಲ್ಲಿ ‘ಕೆರೆ’ ಎಂದು ಒತ್ತಿದೆ. ಪೆಟ್ಟಿಗೆಯಲ್ಲಿ ಕಂಡದ್ದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಹೆದರಬೇಕಿಲ್ಲ, ಅದೇ ಸರಿ. ಇಲ್ಲಿ ಎರಡು ಆಯ್ಕೆಗಳನ್ನು ಕಡ್ಡಾಯವಾಗಿ ಒತ್ತಿಕೊಳ್ಳಬೇಕು. ಒಂದು, ಎವೆರಿಥಿಂಗ್‌ನ ‘ಸರ್ಚ್’ ಮೆನುವಿನ ‘ಮ್ಯಾಚ್ ಕೇಸ್’. ನುಡಿಯಲ್ಲಿ ದೊಡ್ಡ ಜಿ ಎಂದರೆ ಉ, ಚಿಕ್ಕ ಜಿ ಎಂದರೆ ರಕಾರ. ದೊಡ್ಡದು ಚಿಕ್ಕದು ಎಲ್ಲ ಒಂದೇ ಅಂದುಕೊಂಡರೆ ಕೆಲಸ ಕೆಟ್ಟಿತು. ಇನ್ನೊಂದು ‘ಮ್ಯಾಚ್ ಡಯಾಕ್ರಿಟಿಕ್ಸ್’. ಇದನ್ನು ಒತ್ತದಿದ್ದರೆ ತಲೆಯ ಮೇಲಿನ ಗೆರೆಯನ್ನು ಯಂತ್ರ ಕಡೆಗಣಿಸುತ್ತದೆ, ನುಡಿಯಲ್ಲಿ ಅದೇ ಕಾಗುಣಿತದ ಜೀವ. ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಒಳಗಿನ ಹುಡುಕಾಟ ನಿಧಾನ, ಹಾಗಾಗಿ ಮೊದಲು ಫೋಲ್ಡರ್, ಆಮೇಲೆ ಫೈಲಿನ ಬಗೆ, ಆಮೇಲೆ ವರ್ಷ ಹೇಳಿ ಜಾಗ ಕಿರಿದು ಮಾಡಿಕೊಳ್ಳಿ. ವರ್ಷಕ್ಕೆ ‘ತಿದ್ದಿದ ದಿನಾಂಕ’ವನ್ನೇ ನಂಬಿ. ಸೀಡಿಯಿಂದ ನಕಲು ಮಾಡಿದಾಗ ‘ಸೃಷ್ಟಿಸಿದ ದಿನಾಂಕ’ ಆವತ್ತಿನದಾಗಿಬಿಡುತ್ತದೆ.

ಹೀಗೆ 4 ನಿಮಿಷದಲ್ಲಿ 31 ಫೈಲು ಬಂದವು. ಇಪ್ಪತ್ತನೆಯದೋ ಏನೋ, ‘ಬಿಡಿ ಬರಹ 3’ ಎಂಬ ಹೆಸರಿನದು. ತೆರೆದರೆ ಮೊದಲ ಸಾಲಿನಲ್ಲೇ ಕೆರೆ ಏರಿಯ ಮೇಲೆ ಎತ್ತಿನ ಗಾಡಿಗಳು ಸಾಲುಗಟ್ಟಿದ ವರ್ಣನೆ. ನನ್ನ ಕೈಯಲ್ಲೇ ಟೈಪಾದದ್ದು, ನನಗೇ ನೆನಪಿರಲಿಲ್ಲ.

ಆವತ್ತೇ ತೀರ್ಮಾನಿಸಿದೆ: ಪ್ರತಿ ಹಳೆಯ ಫೈಲಿನ ಪಕ್ಕದಲ್ಲಿ ಅದರದೇ ಹೆಸರಿನ ಒಂದು ಯೂನಿಕೋಡ್ ಪಠ್ಯ ಇರಬೇಕು. ವರ್ಡ್‌ನಂಥ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ಗೆ ಆಜ್ಞೆ ಕೊಟ್ಟರೆ ಫೈಲುಗಳನ್ನು ತೆರೆದು ತೋರಿಸದೆ ಸಾಲಾಗಿ ಬರಿಯ ಪಠ್ಯ ಮಾಡಿ ಕೊಡುತ್ತದೆ. ಅದನ್ನು ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಸಾಕಷ್ಟಿವೆ. ಆದರೆ ಕುರುಡಾಗಿ ನಂಬಬಾರದು. ಹಳೆಯ ಪದ್ಧತಿಯಲ್ಲಿ ‘ಕರ್ಮ’ದ ಅರ್ಕಾವೊತ್ತು ಮಕಾರದ ನಂತರ ಕೂತಿರುತ್ತದೆ, ಪರಿವರ್ತಕ ಅದನ್ನು ಹಿಂದಕ್ಕೆ ತಂದು ‘ರ್’ ಮಾಡಬೇಕು. ಕೆಲವು ಅಲ್ಲಿ ಎಡವುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಮಾಡಿ ಕಲಸುಮೇಲೋಗರ ಮಾಡುತ್ತವೆ, ಏಕೆಂದರೆ ಬರಿಯ ಪಠ್ಯದಲ್ಲಿ ಫಾಂಟಿನ ಗುರುತು ಉಳಿದಿರುವುದಿಲ್ಲ. ಅದಕ್ಕೇ ಮೂಲ ಫೈಲು ಮುಟ್ಟಬೇಡಿ. ಈ ಪಠ್ಯ ಹುಡುಕುವುದಕ್ಕೆ ಮಾತ್ರ, ಅಚ್ಚಿಗಲ್ಲ.

ಪುಟ ಕೂರಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಫೈಲುಗಳಿಗೆ ನನಗೆ ಅಡ್ಡದಾರಿ ಸಿಗಲಿಲ್ಲ. ಒಂದೊಂದೇ ತೆರೆದು ಪಠ್ಯ ಹೊರತೆಗೆಯುತ್ತಿದ್ದೇನೆ, ದಿನಕ್ಕೆ ಎರಡು. ಸ್ಕ್ಯಾನ್ ಮಾಡಿದ ಪುಟಗಳಿಗೆ, ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ಟೆಸರಾಕ್ಟ್ ಬಳಸಿದೆ. ಅದಕ್ಕೆ ಕನ್ನಡ ಬರುತ್ತದೆ, ತಪ್ಪುಗಳಿದ್ದರೂ ಹುಡುಕಲು ಸಾಕು.

ಪಠ್ಯವೆಲ್ಲ ಯೂನಿಕೋಡ್ ಆದಮೇಲೆ ರಿಪ್‌ಗ್ರೆಪ್ ಎಂಬ ಸಣ್ಣ ಸಾಧನ ಬಳಸುತ್ತೇನೆ. ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆಯಬೇಕು, ಅಷ್ಟೇ ಕಷ್ಟ. ಇಡೀ ಪದಗಳ ಸೂಚಿ ಮಾಡಿಟ್ಟುಕೊಳ್ಳುವ ಸಾಧನಗಳಿಗಿಂತ, ಅಕ್ಷರಸಾಲನ್ನು ಇದ್ದಹಾಗೆ ಹುಡುಕುವ ಇಂಥದು ಕನ್ನಡಕ್ಕೆ ಹೊಂದುತ್ತದೆ. ನಮ್ಮ ಪದಗಳಿಗೆ ಬಾಲ ಜಾಸ್ತಿ. ‘ಊರು’ ಎಂದು ಹುಡುಕಿದರೆ ‘ಊರಿನಲ್ಲಿ’ ಸಿಗದು, ಕೊಂಬು ಬಿಟ್ಟು ‘ಊರ’ ಎಂದರೆ ಎರಡೂ ಸಿಗುತ್ತವೆ. ‘ಕಾಲ’ ಎಂದರೆ ‘ಮಳೆಗಾಲ’ ಸಿಗದು, ಆದೇಶ ಸಂಧಿ ನೆನಪಿಟ್ಟು ‘ಗಾಲ’ ಎಂದೂ ಕೇಳಬೇಕು. ಇನ್ನೊಂದು ಕಾಣದ ತೊಡಕು: ‘ಸಾಫ್ಟ್‌ವೇರ್’ನಂಥ ಪದದ ನಡುವೆ ಒತ್ತಕ್ಷರ ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯೊಂದು ಇರುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಹುಡುಕುವ ಪಠ್ಯದಿಂದ ಅವನ್ನೆಲ್ಲ ತೆಗೆದುಹಾಕಿದೆ.

ಇನ್ನು ಕ್ಲೌಡ್. ಒನ್‌ಡ್ರೈವ್‌ನಲ್ಲಿ ಮೋಡದ ಗುರುತಿರುವ ಫೈಲಿನ ಹೆಸರಷ್ಟೇ ನಮ್ಮ ಡಿಸ್ಕಿನಲ್ಲಿರುವುದು, ಒಳಗಿನ ಮಾತು ಇಲ್ಲ. ಅಂಥ ಫೋಲ್ಡರಿನ ಮೇಲೆ ಒಳಗಿನ ಹುಡುಕಾಟ ಹಚ್ಚಿದ್ದೆ, ಓದಲೆಂದು ಒಂದೊಂದೂ ಕೆಳಗಿಳಿಯುತ್ತಾ ಹೋಗಿ ಸಿ ಡ್ರೈವ್ ತುಂಬಿಹೋಯಿತು. ಈಗ ಬೇಕಾದ ಫೋಲ್ಡರಿಗೆ ಮಾತ್ರ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿದ್ದೇನೆ. ಗೂಗಲ್ ಡಾಕ್ಸ್‌ನಲ್ಲೇ ಬರೆದದ್ದು ಇನ್ನೂ ಬೇರೆ: ಡಿಸ್ಕಿನಲ್ಲಿ ಕಾಣುವ ಅದರ ಫೈಲು ಬರಿಯ ವಿಳಾಸದ ಚೀಟಿ. ಅದಕ್ಕೆ ಮೂರು ತಿಂಗಳಿಗೊಮ್ಮೆ ನಮ್ಮ ಫೈಲುಗಳನ್ನು ಒಟ್ಟಿಗೆ ಇಳಿಸಿಕೊಳ್ಳಲು ಬಿಡುವ ಗೂಗಲ್ ಟೇಕ್‌ಔಟ್‌ನಿಂದ ಎಲ್ಲವನ್ನೂ ವರ್ಡ್ ರೂಪದಲ್ಲಿ ಇಳಿಸಿಕೊಂಡು ಉಳಿದವುಗಳ ಜತೆ ಸೇರಿಸುತ್ತೇನೆ.

ಲೇಖನ ಕಳಿಸಿದ ಎಂಟು ತಿಂಗಳಿಗೆ ಅವರು ಮತ್ತೆ ಫೋನು ಮಾಡಿದರು. “ಸರ್, ಅಪ್ಪಾಜಿ ನಮ್ಮಮ್ಮನ ಬಗ್ಗೆ ಎಲ್ಲಾದ್ರೂ ಬರೆದಿದ್ರಾ?” ಫೋನು ಕಿವಿಯಲ್ಲಿರುವಾಗಲೇ ‘ಹೆಂಡತಿ’ ಹುಡುಕಿದೆ, ‘ಪತ್ನಿ’ ಹುಡುಕಿದೆ, ಅವರ ಬರಹದಲ್ಲಿ ಎರಡೂ ಇರಲಿಲ್ಲ. “ಮನೇಲಿ ಅಮ್ಮನ್ನ ಏನಂತ ಕರೀತಿದ್ರು?” ಎಂದು ಕೇಳಿದೆ. ಅವರು ಹೇಳಿದ ಮುದ್ದಿನ ಹೆಸರನ್ನು ಟೈಪಿಸಿದೆ. ಹಿಂದಿನ ವಾರವಷ್ಟೇ ಹೊರತೆಗೆದ ಒಂದು ಪೇಜ್‌ಮೇಕರ್ ಪಠ್ಯದಲ್ಲಿ, ಅರ್ಪಣೆಯ ಪುಟದಲ್ಲಿ, ಮೂರು ಸಾಲು ಇತ್ತು. ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, “ಇನ್ನೊಂದ್ ಸಲ ಓದಿ ಸರ್” ಅಂದರು.