ಬೆಣ್ಣೆ ಕಲೆ ಬಿದ್ದ ಪುಟ

ನನ್ನ ಮೊದಲ ಚಿತ್ರದ ಪುಸ್ತಕ ಅಸಲಿಗೆ ಲೆಕ್ಕದ ಪುಸ್ತಕ. ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. 2016ರ ದೀಪಾವಳಿಗೆ ಹೊಸ ಖಾತೆ ಪುಸ್ತಕ ತರಿಸಿದಾಗ ಒಂದು ಹೆಚ್ಚಾಗಿ ಉಳಿಯಿತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಪುಟ. "ತಗೊಂಡ್ ಹೋಗಮ್ಮ, ಮಕ್ಕಳಿಗೆ ಆಗ್ತತಿ" ಅಂದರು ಮಾಲೀಕರು. ಮಕ್ಕಳಿಗೆ ಕೊಡಲಿಲ್ಲ. ಮರುದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ, ಎದುರು ಕಟ್ಟೆಯ ಮೇಲೆ ಮಲಗಿದ್ದ ಹಮಾಲಿಯೊಬ್ಬರನ್ನು ಬಾಲ್ ಪೆನ್ನಿನಲ್ಲಿ ಬರೆದೆ. ಜಮಾ ಕಡೆಯ ಪುಟದಲ್ಲಿ ಅವರ ತಲೆ, ಖರ್ಚಿನ ಕಡೆಯಲ್ಲಿ ಕಾಲು. ಕೆಳಗೆ ತಾರೀಕು ಹಾಕಿ, "ಬೆಳಗಿಂದ ಎರಡು ಲಾರಿ ಇಳಿಸಿದ್ದಾರೆ" ಎಂದು ಸೇರಿಸಿದೆ. ಈಗ ಹನ್ನೊಂದನೇ ಪುಸ್ತಕ ನಡೆಯುತ್ತಿದೆ.

ತಾರೀಕಿಲ್ಲದೆ ಒಂದಕ್ಷರವನ್ನೂ ಬರೆಯಬಾರದು ಎನ್ನುವುದು ಲೆಕ್ಕದವರ ರೂಢಿ. ಚಿತ್ರದ ದಿನಚರಿಗೂ ಅದೇ ಬೆನ್ನೆಲುಬು. ತಾರೀಕು, ಹೊತ್ತು, ಕೂತ ಜಾಗ, ಬಿಸಿಲೋ ಮೋಡವೋ, ಕಿವಿಗೆ ಬಿದ್ದ ಒಂದು ಮಾತು. ಚಿತ್ರ ಸೊಟ್ಟಗಾದರೂ ಇವಿದ್ದರೆ ಪುಟ ನಿಲ್ಲುತ್ತದೆ. ಚಿತ್ರ ಚೆನ್ನಾಗಿ ಬಂದು ಇವೇನೂ ಇಲ್ಲದ ಕೆಲವು ಪುಟಗಳು ನನ್ನ ಹತ್ತಿರ ಇವೆ. ಯಾವ ಬೀದಿ, ಯಾವ ವರ್ಷ ಎಂದು ಈಗ ನನಗೇ ಗುರುತು ಸಿಗುವುದಿಲ್ಲ.

ಖಾತೆ ಪುಸ್ತಕದ ಹಾಳೆ ತೆಳು. ನೀರುಬಣ್ಣ ಮುಟ್ಟಿಸಿದರೆ ಹಿಂದಿನ ಪುಟಕ್ಕೆ ಇಳಿಯುತ್ತಿತ್ತು, ಒಣಗುವಾಗ ಹಪ್ಪಳದ ಹಾಗೆ ಏಳುತ್ತಿತ್ತು. ಪೆನ್ನಿನಲ್ಲೂ ಪೆಟ್ಟು ತಿಂದೆ. ಜೆಲ್ ಪೆನ್ನಿನಲ್ಲಿ ಒಂದು ಗಂಟೆ ನಿಂತು ಬರೆದ ಗಡಿಯಾರ ಕಂಬದ ಮೇಲೆ ಒದ್ದೆ ಕುಂಚ ಎಳೆದೆ. ಗೆರೆಗಳೆಲ್ಲ ಕರಗಿ ಕಂಬ ಮಸಿಯಾಯಿತು. ಅವತ್ತು ಅತ್ತಿದ್ದೆ. ಬಣ್ಣ ಹಚ್ಚುವವರಿಗೆ ನೀರಿಗೆ ಕರಗದ ಶಾಯಿಯ ಪೆನ್ನು ಬೇಕು. ಮೈಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದಿರುತ್ತದೆ. ಆದರೂ ಕೊಂಡ ದಿನವೇ ಚೂರು ಹಾಳೆಯ ಮೇಲೆ ಗೆರೆ ಎಳೆದು, ಒಂದು ನಿಮಿಷ ಬಿಟ್ಟು, ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಸಾದಾ ಬಾಲ್ ಪೆನ್ನಿನ ಶಾಯಿಯಲ್ಲಿ ಎಣ್ಣೆಯಂಶ ಇರುವುದರಿಂದ ಅದೂ ನೀರಿಗೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ನನ್ನ ಅರ್ಧ ಪುಟಗಳು ಈಗಲೂ ಹತ್ತು ರೂಪಾಯಿಯ ಪೆನ್ನಿನವೇ.

ಎರಡನೇ ಪುಸ್ತಕದಿಂದ ನಾನೇ ಹಾಳೆ ಕತ್ತರಿಸಿ ಕಟ್ಟಿಸಿಕೊಳ್ಳುತ್ತಿದ್ದೇನೆ. ಊರಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇರುವುದರಿಂದ ದಪ್ಪ ಡ್ರಾಯಿಂಗ್ ಹಾಳೆಗೆ ಬರವಿಲ್ಲ. ನಾನು ತರುವುದು 200 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 200 ಗ್ರಾಂ ತೂಗುವ ಹಾಳೆ. ಝೆರಾಕ್ಸಿಗೆ ಬಳಸುವುದು 70, 80ರದ್ದು. 22 ಇಂಚು ಅಗಲ, 30 ಇಂಚು ಉದ್ದದ ಒಂದು ಹಾಳೆಯಲ್ಲಿ ಎಂಟು ತುಂಡು ಬರುತ್ತವೆ. ಒಂದೊಂದನ್ನೂ ನಡುವೆ ಮಡಚಿದರೆ ನಾಲ್ಕು ಪುಟ. ಅಂಥ ನಾಲ್ಕನ್ನು ಒಂದರೊಳಗೊಂದು ಇಟ್ಟರೆ ಹದಿನಾರು ಪುಟದ ಒಂದು ಕಟ್ಟು. ಮೂರು ದೊಡ್ಡ ಹಾಳೆಗೆ ಆರು ಕಟ್ಟು, 96 ಪುಟ. ಕೈಚೀಲದಲ್ಲಿ ಹಿಡಿಯುವ ಪುಸ್ತಕ. ಬೈಂಡಿಂಗ್ ಅಂಗಡಿಯ ಹಿರಿಯರು, "ಬರೇ ಅಂಟು ಹಾಕಿದ್ರೆ ಪುಟ ಪೂರಾ ಬಿಚ್ಚಲ್ಲ ಅಕ್ಕಾರೆ, ದಾರದಾಗ ಹೊಲಿದ್ರೆ ಮಲಗ್ತತಿ" ಎಂದು ಹೊಲಿದೇ ಕೊಟ್ಟರು. ಹಾಳೆಗೂ ನಾರಿನ ದಿಕ್ಕು ಇರುತ್ತದೆ ಎಂದು ತೋರಿಸಿದವರೂ ಅವರೇ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿದರೆ ಒಂದು ಕಡೆ ಸಲೀಸಾಗಿ ಬಗ್ಗುತ್ತದೆ, ಮಡಿಕೆ ಅದರ ಜೊತೆಗೇ ಹೋಗಬೇಕು. ಅಡ್ಡ ಮಡಚಿದರೆ ಮಡಿಕೆ ಬಿರಿಯುತ್ತದೆ.

ಉಳಿದದ್ದು ಕಡಿಮೆ. ಹನ್ನೆರಡು ಬಿಲ್ಲೆಯ ಬಣ್ಣದ ಡಬ್ಬಿ, ಒಂದೇ ಕುಂಚ, ಟಾನಿಕ್ ಬಾಟಲಿಯಲ್ಲಿ ನೀರು, ಒರೆಸಲು ಹಳೇ ಬನಿಯನ್ ತುಂಡು.

ಏನನ್ನು ಬರೆಯಬೇಕು ಎಂದು ಬಹಳ ಜನ ಕೇಳುತ್ತಾರೆ. ದಿನಾ ಓಡಾಡುವ ದಾರಿಯನ್ನು ಬಿಟ್ಟು ಎಲ್ಲೂ ಹುಡುಕಬೇಡಿ ಎನ್ನುತ್ತೇನೆ. ಮನೆಯಿಂದ ಅಂಗಡಿಗೆ ನಾನು ನಡೆಯುವುದು ಇಪ್ಪತ್ತು ನಿಮಿಷ. ಆ ದಾರಿಯಲ್ಲೇ ನಾಲ್ಕು ಪುಸ್ತಕ ತುಂಬಿವೆ. 2007ರಲ್ಲಿ ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕ್ಯಾಂಪನಾರಿಯೊ ಶುರು ಮಾಡಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಈಗ ಎಷ್ಟೋ ದೇಶಗಳಲ್ಲಿದೆ. ಸ್ಥಳದಲ್ಲೇ ಇದ್ದು, ಕಣ್ಣಾರೆ ಕಂಡದ್ದನ್ನು ಬರೆಯಬೇಕೆಂಬುದು ಅವರ ಮೊದಲ ನಿಯಮ. ನನಗೆ ಅದು ಪೂರ್ತಿ ಒಪ್ಪಿಗೆ. ಮೊಬೈಲಿನ ಫೋಟೊ ನೋಡಿಕೊಂಡು ಬರೆದ ಪುಟಗಳೂ ನನ್ನಲ್ಲಿವೆ. ಗೆರೆ ನೆಟ್ಟಗಿದೆ, ಆದರೆ ಒಂದರಲ್ಲೂ ಯಾರ ಮಾತೂ ಇಲ್ಲ.

ಮಂಡಕ್ಕಿ ಭಟ್ಟಿಯ ಪುಟವನ್ನು ಫೋಟೊ ನೋಡಿ ಬರೆಯಲು ಸಾಧ್ಯವೇ ಇರಲಿಲ್ಲ. ಹೊಟ್ಟಿನ ಬೆಂಕಿಯ ಮೇಲೆ ಬಾಣಲೆ ತುಂಬ ಕಾದ ಮರಳು. ಉಪ್ಪುನೀರು ಹಿಡಿಸಿದ ಅಕ್ಕಿ ಅದಕ್ಕೆ ಬಿದ್ದು, ಮಗುಚಿ ಮುಗಿಸುವಷ್ಟರಲ್ಲಿ ಅರಳಿರುತ್ತದೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೆಲಸ ಮಾಡುವವರು ಒಂದು ಕ್ಷಣ ಸುಮ್ಮನೆ ನಿಲ್ಲುವುದಿಲ್ಲ. ಮೊದಲ ದಿನ ಗಾಬರಿಯಾಗಿ ಪುಸ್ತಕ ಮುಚ್ಚಿದೆ. ಎರಡನೇ ದಿನ ಗಮನಿಸಿದೆ: ದೇಹ ಓಡಾಡಿದರೂ ತಿರುತಿರುಗಿ ಅದೇ ಮೂರು ಭಂಗಿಗೆ ಬರುತ್ತದೆ. ಹಾಕುವಾಗ ಬಗ್ಗಿದ ಬೆನ್ನು, ಮಗುಚುವಾಗ ಚಾಚಿದ ಕೈ, ಸುರಿಯುವಾಗ ತಿರುಗಿದ ಸೊಂಟ. ಪುಟದಲ್ಲಿ ಮೂರು ಕಡೆ ಮೂರನ್ನೂ ಒಟ್ಟಿಗೆ ಶುರು ಮಾಡಿದೆ. ಅವರು ಯಾವ ಭಂಗಿಗೆ ಬಂದರೋ ಆ ಚಿತ್ರಕ್ಕೆ ಎರಡು ಗೆರೆ. ಅರ್ಧ ಗಂಟೆಯಲ್ಲಿ ಮೂವರೂ ಎದ್ದು ನಿಂತರು. ರೊಟ್ಟಿ ಬಡಿಯುವ ಅಕ್ಕ, ಹೂ ಕಟ್ಟುವ ಅಜ್ಜಿ, ಸೈಕಲ್ ಪಂಕ್ಚರ್ ಹಾಕುವವರು, ಎಲ್ಲರನ್ನೂ ಈಗ ಹೀಗೇ ಬರೆಯುತ್ತೇನೆ.

ಮಂಡಕ್ಕಿ ರಾಶಿ ಇನ್ನೊಂದು ಪಾಠ ಕಲಿಸಿತು. ನೀರುಬಣ್ಣದಲ್ಲಿ ಬಿಳಿ ಎಂದರೆ ಹಾಳೆಯೇ. ಒಂದೊಂದು ಕಾಳನ್ನೂ ಬರೆಯಲು ಹೋದರೆ ರಾಶಿ ಕಲ್ಲಿನ ಗುಡ್ಡೆಯಾಗುತ್ತದೆ. ರಾಶಿಯ ಮೈಯನ್ನು ಖಾಲಿ ಬಿಟ್ಟು, ನೆರಳಿನ ಮಗ್ಗುಲಿಗೆ ತಿಳಿ ನೀಲಿಯನ್ನು ನೀರು ನೀರಾಗಿ ಒಮ್ಮೆ ಎಳೆದು, ಅಂಚಿನಲ್ಲಿ ಹತ್ತು ಕಾಳು, ನೆಲಕ್ಕೆ ಉದುರಿದ ಐದಾರು ಕಾಳು ಬರೆದರೆ ಸಾಕು. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಬೆಣ್ಣೆ ದೋಸೆಯ ಕತೆ ಬೇರೆ. ಅದನ್ನು ತಣ್ಣಗೆ ಮಾಡಿ ತಿನ್ನುವುದು ಅಪರಾಧ ಎಂದು ಬೆಳೆದವರು ನಾವು. ಹಾಗಾಗಿ ಬರೆಯಲು ನಾನು ಕೊಟ್ಟುಕೊಂಡಿರುವುದು ಮೂರು ನಿಮಿಷ. ತಟ್ಟೆಯ ಅಂಚು, ದೋಸೆಯ ಸುತ್ತು, ಆಲೂಗಡ್ಡೆ ಪಲ್ಯದ ಉಂಡೆ, ನೀರು ಚಟ್ನಿಯ ಬಟ್ಟಲು. ಬಣ್ಣ ಮನೆಗೆ ಬಂದ ಮೇಲೆ. ಅದಕ್ಕಾಗಿ ಪಕ್ಕದಲ್ಲೇ ಬರೆದಿಟ್ಟುಕೊಳ್ಳುತ್ತೇನೆ: "ನಡುವೆ ಹಳದಿ, ಅಂಚಿಗೆ ಕಾವಿ, ಬೆಣ್ಣೆ ನಿಂತಲ್ಲಿ ಹೊಳಪು." ಒಂದು ಭಾನುವಾರ ಪುಟದ ಮೇಲೆ ನಿಜವಾದ ಬೆಣ್ಣೆಯೇ ಬಿತ್ತು. ಜಿಡ್ಡು ಹೀರಿದ ಜಾಗ ಗಾಜಿನಂತಾಯಿತು, ಅಲ್ಲಿ ನೀರುಬಣ್ಣ ಹತ್ತಲೇ ಇಲ್ಲ. ದೋಸೆಯ ಹಳದಿಯ ನಡುವೆ ಬಣ್ಣ ಹಿಡಿಯದ ಆ ಕಲೆ ಹಾಗೇ ಇದೆ. ಮಗಳು ಆ ಪುಟ ತೆರೆದಾಗಲೆಲ್ಲ ಮೂಸಿ ನೋಡುತ್ತಾಳೆ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಜನಸಾಗರವನ್ನು ಪುಟಕ್ಕೆ ಹೇಗೆ ಇಳಿಸುವುದು? ನಿಂತು ನೋಡುವಾಗ, ಸಮ ನೆಲದಲ್ಲಿ ನಮ್ಮಷ್ಟೇ ಎತ್ತರದವರ ತಲೆಗಳೆಲ್ಲ ನಮ್ಮ ಕಣ್ಣಿನ ಮಟ್ಟದ ಒಂದೇ ಗೆರೆಯ ಮೇಲೆ ಬರುತ್ತವೆ. ಹತ್ತಿರದವರ ಪಾದ ಪುಟದ ಕೆಳಗಿರುತ್ತದೆ, ದೂರದವರ ಪಾದ ಮೇಲೆ ಸರಿಯುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಅಡ್ಡಗೆರೆ ತೆಳ್ಳಗೆ ಎಳೆದು ಅದರ ಮೇಲೆ ತಲೆಗಳನ್ನು ಪೋಣಿಸುತ್ತಾ ಹೋಗಿ. ಮುಂದಿನ ನಾಲ್ವರಿಗೆ ಮಾತ್ರ ಸೀರೆಯ ಅಂಚು, ಟವೆಲ್ಲು, ಹೆಗಲ ಮೇಲಿನ ಕೂಸು. ಹಿಂದಿನವರಿಗೆ ಚುಕ್ಕೆ ಸಾಕು. ಇದು ತಿಳಿದ ಮೇಲೆ ನನಗೆ ಸಂತೆಯ ಭಯ ಹೋಯಿತು.

ದುರ್ಗಕ್ಕೆ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇನೆ. ಮೊದಲ ಸಲ ಏಳು ಸುತ್ತಿನ ಕೋಟೆಯನ್ನು ಒಂದೇ ದಿನದಲ್ಲಿ ಬರೆದು ಮುಗಿಸುವ ಹಟದಲ್ಲಿ ಬಾಗಿಲಿಂದ ಬಾಗಿಲಿಗೆ ಓಡಿದೆ. ಹದಿನಾಲ್ಕು ಚಿತ್ರ ಆದವು, ಒಂದೂ ಕೋಟೆಯಾಗಲಿಲ್ಲ. ಈಗ ಒಂದು ಸಲಕ್ಕೆ ಒಂದೇ ಜಾಗ. ಓಬವ್ವನ ಕಿಂಡಿಯ ಎದುರು ಒಂದು ಬೆಳಿಗ್ಗೆ ಪೂರ್ತಿ ಕೂತಿದ್ದೆ. ಎಲ್ಲರೂ ಮೊದಲು ಬಂಡೆಯನ್ನು ಬರೆಯುತ್ತಾರೆ; ನಾನು ಮೊದಲು ಕಿಂಡಿಯ ಕತ್ತಲೆಯನ್ನು ಬರೆದೆ. ಕತ್ತಲೆಯ ಆಕಾರ ಸರಿಯಾದರೆ ಸುತ್ತಲ ಬಂಡೆ ತಾನಾಗಿ ಕೂರುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಸಂದಿಯದು. ಎಷ್ಟು ಕಿರಿದು ಎಂದು ತೋರಿಸಲು ಪಕ್ಕದಲ್ಲಿ ಮನುಷ್ಯ ಬೇಕೇ ಬೇಕು. ಶಾಲೆಯ ಪ್ರವಾಸಕ್ಕೆ ಬಂದ ಹುಡುಗನೊಬ್ಬ ಬಗ್ಗಿ ಹೊರಬರುವುದನ್ನು ಕಾದು ಬರೆದೆ. ಹಿಂದಿದ್ದ ಗೆಳೆಯ, "ಲೇ, ಬೇಗ ಬಾರಲೇ, ಒನಕೆ ಬೀಳ್ತತಿ" ಎಂದು ಕೂಗಿದ್ದೂ ಆ ಪುಟದಲ್ಲಿದೆ. ದುರ್ಗದ ಬಂಡೆ ಬೂದು ಬಣ್ಣ ಎಂದುಕೊಂಡಿದ್ದೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಅದು ಗೋಧಿ ಹಿಟ್ಟಿನ ಬಣ್ಣ, ನೆರಳು ನೇರಳೆ. ಡಬ್ಬಿಯ ಕಪ್ಪು ಬಿಲ್ಲೆಯನ್ನು ಅವತ್ತಿನಿಂದ ಮುಟ್ಟಿಲ್ಲ. ನೀಲಿಗೆ ಕೆಂಗಂದು ಬೆರೆಸಿದರೆ ಅದಕ್ಕಿಂತ ಜೀವಂತ ಕತ್ತಲು ಸಿಗುತ್ತದೆ. ಏಪ್ರಿಲ್, ಮೇನಲ್ಲಿ ಹೋಗುವವರು ಒಂದು ನೆನಪಿಡಿ. ಬಂಡೆಯ ಕಾವಿಗೆ ಬಣ್ಣ ಎಳೆಯುತ್ತಿದ್ದಂತೆಯೇ ಒಣಗಿ ಗೆರೆಗೆರೆಯಾಗಿ ನಿಲ್ಲುತ್ತದೆ. ಮೊದಲು ಬರೀ ನೀರು ಸವರಿ, ಆ ಒದ್ದೆಯ ಮೇಲೆ ಬಣ್ಣ ಬಿಡಿ.

ಹರಿಹರಕ್ಕೆ ಹೋದರೆ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕಂಬಗಳು. ತಿರುಗಣೆಯಲ್ಲಿ ಕಡೆದಂಥ ಈ ಕಂಬ ಬರೆಯಲು ನಡುವೆ ಒಂದು ನೇರ ಗೆರೆ ಹಾಕಿ ಬಳೆಗಳನ್ನು ಎಣಿಸಿಕೊಳ್ಳಿ. ನಮ್ಮ ಕಣ್ಣಿಗಿಂತ ಮೇಲಿನ ಬಳೆ ಮೇಲಕ್ಕೆ ಬಾಗುತ್ತದೆ, ಕೆಳಗಿನದು ಕೆಳಕ್ಕೆ. ಅದೊಂದು ಹಿಡಿತಕ್ಕೆ ಬಂದರೆ ಚೊಂಬು, ಕೊಡ, ಬಕೆಟ್ಟು ಎಲ್ಲವೂ ಬಂದ ಹಾಗೆ.

ಒಂದು ತಪ್ಪನ್ನು ಹೇಳಲೇಬೇಕು. ಮೊದಲೆರಡು ವರ್ಷ ಚೆನ್ನಾಗಿಲ್ಲ ಎಂದು ಪುಟ ಹರಿಯುತ್ತಿದ್ದೆ. ಹಾಗೆ ಹರಿದದ್ದರಲ್ಲಿ ನಮ್ಮ ಓಣಿಯ ಬೇವಿನ ಮರ, ಅದರ ಕೆಳಗಿನ ಇಸ್ತ್ರಿ ಗಾಡಿ ಇದ್ದವು. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಗಾಡಿಯವರು ಊರನ್ನೇ ಬಿಟ್ಟರು. ಆ ಮರದ ಕೊಂಬೆ ಯಾವ ಕಡೆ ಚಾಚಿತ್ತು ಎಂದು ಈಗ ಎಷ್ಟು ನೆನೆದರೂ ಕೈಗೆ ಬರುವುದಿಲ್ಲ. ಆಮೇಲೆ ಒಂದು ಪುಟವನ್ನೂ ಹರಿದಿಲ್ಲ. ಪುಸ್ತಕ ಹೊಲಿದಿರುವುದರ ಇನ್ನೊಂದು ಲಾಭ ಇದು: ಒಂದು ಪುಟ ಹರಿದರೆ ಅದರ ಜೋಡಿ ಪುಟವೂ ಕಳಚುತ್ತದೆ.

ಅಪ್ಪಾಜಿ ಈ ಪುಸ್ತಕಗಳಿಗೆ ಬಂದದ್ದು ತಡವಾಗಿ. ಅವರು ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ನೂಲುವ ಖಾತೆಯಲ್ಲಿ ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯಿತು, ಒಳಗಿನ ಒಂದು ಫೋಟೊವೂ ನಮ್ಮ ಮನೆಯಲ್ಲಿಲ್ಲ. ಕಂಡದ್ದನ್ನೇ ಬರೆಯಬೇಕು ಎನ್ನುವ ನನ್ನ ನಿಯಮವನ್ನು ಅವರಿಗಾಗಿ ಮುರಿದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮಾಡು ಗರಗಸದ ಹಲ್ಲಿನ ಹಾಗೆ. ಗಾಜೆಲ್ಲ ಉತ್ತರದ ಕಡೆಗೆ, ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಸಮನೆ ಬೆಳಕು ಬರಲಿ ಎಂದು. ಒಳಗೆ ಗಾಳಿ ತೇವವಾಗಿರಬೇಕು, ಒಣಗಿದರೆ ಎಳೆ ಹರಿಯುತ್ತದೆ. ಬಾಬಿನ್‌ಗಳನ್ನು ನಾನು ಮಲಗಿಸಿ ಬರೆದಿದ್ದೆ. "ಅಲ್ಲವ್ವ, ಮಲಗಿರಂಗಿಲ್ಲ, ಸಾಲಾಗಿ ನಿಂತಿರ್ತಾವೆ" ಎಂದು ಐದು ಬೆರಳು ನೆಟ್ಟಗೆ ಮಾಡಿ ತೋರಿಸಿದರು. ತಿದ್ದಿದೆ. ಎಳೆ ಎಲ್ಲಿಂದ ಇಳಿಯುತ್ತದೆ ಎಂದು ಕೇಳಿದಾಗ ಮಾತಿನಲ್ಲಿ ಹೇಳಲಾಗದೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಮೇಲಿನ ಹಂಜಿಯಿಂದ ರೋಲರಿಗೆ, ರೋಲರಿಂದ ಕೆಳಗೆ ನಿಂತ ಬಾಬಿನ್ನಿಗೆ ಒಂದು ಗೆರೆ. ಕೈ ನಡುಗುತ್ತದೆ, ಗೆರೆಯೂ ನಡುಗಿದೆ. ನಲವತ್ತು ಪುಟದ ನನ್ನ ಗೆರೆಗಳ ಪಕ್ಕದಲ್ಲಿಟ್ಟು ನೋಡಿದರೂ ನನಗೆ ಅದೇ ಇಷ್ಟ.

ಮುಗಿಯಿತು ಎಂದು ತೋರಿಸಿದೆ. ಬಹಳ ಹೊತ್ತು ನೋಡಿ, "ಎಲ್ಲಾ ಐತಿ, ಕೂಗು ಎಲ್ಲೈತಿ?" ಎಂದರು. ಪಾಳಿ ಬದಲಾಗುವಾಗ ಮಿಲ್ಲಿನ ಕೂಗಿಗೆ ಇಡೀ ಬಡಾವಣೆ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತಂತೆ. ಕೂಗನ್ನು ಬರೆಯುವ ಗೆರೆ ನನಗೆ ಗೊತ್ತಿಲ್ಲ. ಗರಗಸದ ಮಾಡಿನ ಮೇಲೆ ಖಾಲಿ ಬಿಟ್ಟಿದ್ದ ಆಕಾಶದಲ್ಲಿ ಅವರು ಹೇಳಿದ ಹೊತ್ತುಗಳನ್ನು ದೊಡ್ಡದಾಗಿ ಬರೆದೆ: ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 11. ಕೆಳಗೆ ಅವತ್ತಿನ ತಾರೀಕು ಹಾಕಿ, ಅಪ್ಪಾಜಿಯಿಂದ ಸಹಿ ಮಾಡಿಸಿಕೊಂಡೆ.