ಘಟ್ಟ ಇಳಿಯುವ ಮುನ್ನ ಕಡಲಿನ ಮುನ್ಸೂಚನೆ ಓದುವುದು ಹೇಗೆ?

ಕಾಫಿ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆಯ ಗೆಳೆಯರ ಗುಂಪುಗಳು ಗಾಳ ಕಟ್ಟಿಕೊಂಡು ಮಲ್ಪೆಗೋ ಮಂಗಳೂರಿಗೋ ಇಳಿಯುವುದುಂಟು. ಹೊರಡುವ ಹಿಂದಿನ ರಾತ್ರಿ ಹೆಚ್ಚಿನವರು ನೋಡುವುದು ಮೊಬೈಲಿನಲ್ಲಿ ಬಿಸಿಲಿನ ಚಿತ್ರವಿದೆಯೋ ಮೋಡದ ಚಿತ್ರವಿದೆಯೋ ಎಂಬುದನ್ನಷ್ಟೇ. ಕಾಫಿ ಒಣಗಿಸುವ ಕಣಕ್ಕೆ ಅದು ಸಾಕು, ಕಡಲಿಗೆ ಸಾಲದು. ಒಮ್ಮೆ ಏಪ್ರಿಲ್‌ನಲ್ಲಿ ನಾವು ಚಾರ್ಮಾಡಿ ಇಳಿದು ನಸುಕಿಗೇ ದೋಣಿ ಕಟ್ಟುವ ದಕ್ಕೆ ತಲುಪಿದಾಗ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ದೋಣಿ ನಡೆಸುವ ತಾಂಡೇಲರು ಮಾತ್ರ ನದಿ ಕಡಲು ಸೇರುವ ಅಳಿವೆಯತ್ತ ಕೈ ತೋರಿಸಿ, "ಇವತ್ತು ಬೇಡ ಮಾರಾಯ್ರೆ" ಎಂದರು. ಅಲ್ಲಿ ನೀರು ಗೋಡೆಯಂತೆ ಎದ್ದೆದ್ದು ಮುರಿಯುತ್ತಿತ್ತು.

ಮೊದಲು ನೋಡಬೇಕಾದದ್ದು ಹವಾಮಾನ ಇಲಾಖೆಯು ಮೀನುಗಾರರಿಗೆ ನೀಡುವ ಎಚ್ಚರಿಕೆ. ಕಡಲಿಗೆ ಇಳಿಯಬಾರದು ಎಂದು ಅಲ್ಲಿದ್ದರೆ ಮುಂದಿನ ಲೆಕ್ಕಾಚಾರವೇ ಬೇಡ. ಅರಬ್ಬಿ ಸಮುದ್ರದ ನಡುವೆ ವಾಯುಭಾರ ಕುಸಿತವಿದ್ದರೆ 'ನಮ್ಮ ಕರಾವಳಿಯಿಂದ ಬಲು ದೂರ' ಎಂದು ಸಮಾಧಾನಪಡಬಾರದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ಗುಜರಾತಿನಲ್ಲಾದರೂ ದಾರಿಯುದ್ದಕ್ಕೂ ನಮ್ಮ ಕರಾವಳಿಯನ್ನು ಅಲೆಗಳು ಕೊರೆದವು.

ಎರಡನೆಯದು ಗಾಳಿ. ಮುನ್ಸೂಚನೆಯಲ್ಲಿ ವೇಗ ನಾಟ್‌ಗಳಲ್ಲಿದ್ದರೆ 1.85ರಿಂದ ಗುಣಿಸಿ ಕಿಲೋಮೀಟರಿಗೆ ತನ್ನಿ. 12 ನಾಟ್ ಎಂದರೆ ಗಂಟೆಗೆ ಸುಮಾರು 22 ಕಿ.ಮೀ. ಸರಾಸರಿ ವೇಗದ ಪಕ್ಕದಲ್ಲೇ ಬೀಸುಗಾಳಿಯ ಗರಿಷ್ಠ ವೇಗವೂ ಇರುತ್ತದೆ. ಅದನ್ನು ಬಿಟ್ಟು ಓದಬೇಡಿ. ಬೇಸಗೆಯಲ್ಲಿ ಮುಂಜಾನೆ ನೆಲದ ಕಡೆಯಿಂದ ಬರುವ ತೆಳುಗಾಳಿ ಮಧ್ಯಾಹ್ನದ ಹೊತ್ತಿಗೆ ದಿಕ್ಕು ಬದಲಿಸಿ ಪಶ್ಚಿಮದ ಕಡಲಿನಿಂದ ಜೋರಾಗಿ ಬೀಸುವುದರಿಂದ, ದಿನದ ಒಟ್ಟು ಲೆಕ್ಕಕ್ಕಿಂತ ಗಂಟೆಗಂಟೆಯ ಪಟ್ಟಿಯೇ ಉಪಯೋಗಕ್ಕೆ ಬರುತ್ತದೆ. ಆ ಪಟ್ಟಿಯ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಲು ಮರೆಯಬಾರದು.

ಮಲೆನಾಡಿನವರಾದ ನಾವು ಹೆಚ್ಚು ಎಡವುವುದು ಅಲೆಯ ಲೆಕ್ಕದಲ್ಲಿ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಅಲೆಯ ಎತ್ತರ 1.2 ಮೀಟರ್ ಎಂದಿದ್ದರೆ ಯಾವ ಅಲೆಯೂ ಅದನ್ನು ಮೀರದು ಎಂದು ಅರ್ಥವಲ್ಲ. ಅದು ಎಲ್ಲ ಅಲೆಗಳ ಪೈಕಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ನಡುನಡುವೆ ಒಂದೊಂದು ಅಲೆ ಅದರ ಎರಡರಷ್ಟರ ಹತ್ತಿರಕ್ಕೂ ಏಳಬಹುದು. ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಓದಬೇಕು. ಒಂದೂವರೆ ಮೀಟರಿನ ಅಲೆಗಳು ಐದೈದು ಸೆಕೆಂಡಿಗೆ ಬಂದರೆ ದೋಣಿ ಕುಲುಕಿ ಹೊಟ್ಟೆ ತೊಳೆಸುತ್ತದೆ. ಅದೇ ಎತ್ತರದ ಅಲೆಗಳ ಅಂತರ ಹದಿನಾರು ಸೆಕೆಂಡಾದರೆ ನಡುಗಡಲಿನಲ್ಲಿ ತೊಟ್ಟಿಲು ತೂಗಿದಂತಿರುತ್ತದೆ, ಆದರೆ ಆಳ ಕಡಿಮೆಯಾದ ಅಳಿವೆಯಲ್ಲಿ ಅವೇ ಎತ್ತರಕ್ಕೆದ್ದು ಮುರಿಯುತ್ತವೆ. ಇಳಿತದ ನೀರು ಎದುರಿನಿಂದ ಹರಿಯುತ್ತಿದ್ದರೆ ಇನ್ನೂ ಕಡಿದಾಗುತ್ತವೆ. ಇಂಥ ಉದ್ದಲೆಗಳು ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಯಲ್ಲಿ ಹುಟ್ಟಿ ದಿನಗಟ್ಟಲೆ ಸಾಗಿ ಬರುವುದರಿಂದ ನಮ್ಮ ಆಕಾಶದಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕಡಲು ಎನ್ನುತ್ತಾರೆ. ಹೆಸರು ಚೆನ್ನಾಗಿ ಒಪ್ಪಿದೆ. ನಮ್ಮನ್ನು ದಕ್ಕೆಯಿಂದಲೇ ಹಿಂದೆ ಕಳಿಸಿದ್ದೂ ಅದೇ.

ಬಳಿಕ ಮುನ್ಸೂಚನೆ ಲೆಕ್ಕ ಹಾಕುವ ಯುರೋಪಿನ ಮತ್ತು ಅಮೆರಿಕದ ಕಂಪ್ಯೂಟರ್ ಮಾದರಿಗಳೆರಡನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚು. ಬೇರೆಬೇರೆ ಹೇಳಿದರೆ ಕೆಟ್ಟದ್ದನ್ನೇ ನಿಜವೆಂದು ಹಿಡಿಯುವುದು ನನ್ನ ರೂಢಿ. ಐದು ದಿನ ಮೊದಲೇ ನೋಡಿದ್ದನ್ನು ಬರಿಯ ಅಂದಾಜೆಂದು ತಿಳಿದು, ಹೊರಡುವ ಹಿಂದಿನ ಸಂಜೆ ಹೊಸದಾಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಈ ಯಾವ ತಲೆನೋವೂ ಇಲ್ಲ.

ಇಷ್ಟಾದ ಮೇಲೆ ತಾಂಡೇಲರಿಗೆ ಫೋನ್ ಮಾಡಿ. ಅವರನ್ನು ಕೇಳಬೇಕಾದದ್ದು ಹೊರಡುವ ಹೊತ್ತಿನ ಕಡಲನ್ನಲ್ಲ, ಮರಳುವ ಹೊತ್ತಿಗೆ ಅಳಿವೆಯಲ್ಲಿ ಏರಿತವಿರುತ್ತದೆಯೋ ಇಳಿತವಿರುತ್ತದೆಯೋ ಎಂಬುದನ್ನು. ಅವರು ಅನುಮಾನಿಸಿದರೆ ಕಾರಿಗೆ ಹಾಕಿದ ಐಸ್ ಪೆಟ್ಟಿಗೆಯನ್ನು ಇಳಿಸಿಬಿಡಿ.